ಮರ್ಸೆಲಿನಾಳನ್ನು ಸಾಯಿಸದವಳು

"ಎತ್ತು, ಎತ್ತು, ಆ ಕಡೆಯಿಂದ ಎತ್ತು. ಇದೇನು ಪುಸ್ತಕಾನೋ ಕಲ್ಲೋ!"

ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು ಕಂದು ಕಾಗದದ ಕಟ್ಟೊಂದನ್ನು ಹಿಡಿದು ಪಡಸಾಲೆಯ ನಡುವೆ ಅಡ್ಡಾದಿಡ್ಡಿ ನಿಂತಿದ್ದರು. ಶವಪೆಟ್ಟಿಗೆ ಜಗಲಿಯಲ್ಲಿ ಕಾಯುತ್ತಿತ್ತು. ಒಳಗೆ ಅದಕ್ಕೆ ಜಾಗವೇ ಇರಲಿಲ್ಲ. ಪಿಯೆದಾದ್ ಬಾಯಿಯ ಕಾದಂಬರಿಯ ಹೊಸ ಮುದ್ರಣ ಹಿಂದಿನ ವಾರವಷ್ಟೇ ಪ್ರೆಸ್ಸಿನಿಂದ ಬಂದಿತ್ತು. ಗೋಡೆಯುದ್ದಕ್ಕೂ ಕಿಟಕಿಯ ಎತ್ತರಕ್ಕೆ ಪೇರಿಸಿದ್ದ ಕಟ್ಟುಗಳಲ್ಲಿ ಒಂದನ್ನು ಮಾತ್ರ ಬಿಚ್ಚಿ, ಒಂದು ಪ್ರತಿಯನ್ನು ಮೂಸಿ ನೋಡಿ, "ಇನ್ನೂ ಹಸಿ ಇದೆ" ಎಂದು ಹೇಳಿ ನಿನ್ನೆ ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

"ಹಂದಿಗೂಡಿನ ಹಿಂದೆ ಹಾಕ್ರೋ. ಪಾದ್ರಿ ಬರೋ ಹೊತ್ತಿಗೆ ಒಂದೂ ಕಣ್ಣಿಗೆ ಬೀಳಬಾರದು," ಎಂದಳು ಕ್ಲೆಮೆಂತಿನಾ. ಸತ್ತವಳ ನಾದಿನಿ. ಕಪ್ಪು ಉಡುಪು, ಕೈಯಲ್ಲಿ ಬೀಸಣಿಗೆ, ಬೆಳಗಿನಿಂದ ಎಲ್ಲರ ಮೇಲೂ ಅವಳದೇ ದರಬಾರು.

ಪಿಯೆದಾದಳ ಮಗಳು ಲ್ಯೂಜಾ ಬಾಗಿಲಿಗೆ ಅಡ್ಡ ನಿಂತಳು. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿಕೊಂಡಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಹಂದಿಗೂಡಿಗೆ ಯಾಕೆ ಅತ್ತೆ? ಬೆಂಚು ತೆಗೀರಿ. ಕಟ್ಟುಗಳನ್ನ ನಡುವೆ ಜೋಡಿಸಿ, ಪೆಟ್ಟಿಗೇನ ಅದರ ಮೇಲೇ ಇಡಿ."

"ತಲೆ ಕೆಟ್ಟಿದೆಯಾ ನಿಂಗೆ?"

ಪೆಟ್ಟಿಗೆ ತಂದವನು ತಲೆ ಕೆರೆದುಕೊಂಡ. "ಭಾರ ತಡೀತದಾ ಬಾಯಿ?"

"ಅಪ್ಪ ಹೋದಮೇಲೆ ಈ ಮನೆ ಭಾರ ಹೊತ್ತಿದ್ದು ಇದೇ. ಅಮ್ಮನ್ನ ಒಂದು ಬೆಳಗು ಹೊರಲ್ವಾ?"

ಹಾಗೆಯೇ ಇಟ್ಟರು. ಕ್ಲೆಮೆಂತಿನಾ ಒಳಗಿನಿಂದ ಕಪ್ಪು ಬಟ್ಟೆ ತಂದು ಕಟ್ಟುಗಳ ಸುತ್ತ ಇಳಿಬಿಟ್ಟಳು. ಫ್ಯಾನಿನ ಗಾಳಿಗೆ ಅದು ಎದ್ದೆದ್ದು ಬೀಳುತ್ತಿತ್ತು. ಎದ್ದಾಗಲೆಲ್ಲ ಕಂದು ಕಾಗದದ ಮೇಲಿನ ಮರ್ಸೆಲಿನಾ ಎಂಬ ಕಾದಂಬರಿಯ ಹೆಸರು ಕಾಣುತ್ತಿತ್ತು.

ಪಾದ್ರಿ ಬೆರ್ನಾರ್ಡ್ ಬಂದು ಪ್ರಾರ್ಥನೆ ಮುಗಿಸಿ ಲ್ಯೂಜಾಳನ್ನು ಪಕ್ಕಕ್ಕೆ ಕರೆದರು. ಊರಿಗೆ ಹೊಸಬರು, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು.

"ಪೂಜೆ ಆದಮೇಲೆ ಮನೆಯವರು ಎರಡು ಮಾತು ಆಡಬಹುದು. ಒಳ್ಳೆ ತಾಯಿ, ಕಷ್ಟಜೀವಿ, ಮಡಗಾಂವ್ ಮಾರ್ಕೆಟ್ಟಲ್ಲಿ ಎಲ್ಲರಿಗೂ ಬೇಕಾದವಳು. ಅಷ್ಟು ಸಾಕು. ಆ ಕಾದಂಬರಿ ವಿಷಯ ಬೇಡಮ್ಮ. ಹಿಂದಿನ ಪಾದ್ರಿಗಳು ಪೀಠದಿಂದಲೇ ಬೈದಿದ್ದರಂತೆ."

"ನೀವು ಓದಿದ್ದೀರಾ ಫಾದರ್?"

"ಇಲ್ಲ."

"ಅವರೂ ಓದಿರಲಿಲ್ಲ. ಅವರು ಬೈದ ಭಾನುವಾರ ಸಂಜೆಯೊಳಗೆ ಮೊದಲ ಮುದ್ರಣ ಪೂರ್ತಿ ಖಾಲಿ. ಅಮ್ಮ ಪ್ರತಿ ವರ್ಷ ಅವರ ಹೆಸರಲ್ಲಿ ಮೇಣದ ಬತ್ತಿ ಹಚ್ಚತಿದ್ಲು."

ಪಾದ್ರಿಗೆ ನಗು ಬಂತು. ಸಾವಿನ ಮನೆಯೆಂದು ನುಂಗಿಕೊಂಡರು.

*

ಪಿಯೆದಾದ್ ಮೊದಲ ಸಲ ಪಣಜಿಗೆ ಹೋದದ್ದು ಚೊರೀಸಿನ ಬುಟ್ಟಿಯೊಂದಿಗೇ. ಹಂದಿಮಾಂಸಕ್ಕೆ ಒಣಮೆಣಸು, ಕಳ್ಳಿನ ವಿನೆಗರ್ ಹಾಕಿ, ಕರುಳಿಗೆ ತುಂಬಿ, ದಾರ ಕಟ್ಟಿ ಮಾಲೆ ಮಾಡುವುದು ಅವಳ ಅಜ್ಜಿಯ ಕಾಲದ ಕಸುಬು. ಬುಟ್ಟಿಯ ತಳದಲ್ಲಿ, ಬಾಳೆಲೆಯ ಕೆಳಗೆ, ಕೈಬರಹದ ಕಾದಂಬರಿಯಿತ್ತು. ಅದರ ಕತೆ ಇಷ್ಟು: ಹಡಗಿನಲ್ಲಿ ದುಡಿಯುವ ಗಂಡ ರಜೆಗೆ ಬಂದಾಗಲೆಲ್ಲ ಹೊಡೆಯುತ್ತಾನೆ. ಮರ್ಸೆಲಿನಾ ಒಂದು ಬೆಳಗ್ಗೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಮುಂಬೈಯ ಹಡಗು ಹತ್ತುತ್ತಾಳೆ. ಅಲ್ಲಿ ನಾವಿಕರ ವಸತಿಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ತಿರುಗಿ ಬರುವುದಿಲ್ಲ.

ಪ್ರಕಾಶಕ ಎವಾರಿಸ್ತ್ ಹಸ್ತಪ್ರತಿಯನ್ನು ನಿಜವಾಗಿಯೂ ಓದಿದ್ದ. ಓದದೆ ಮಾತಾಡಿದನೆಂಬ ಅಪವಾದ ಅವನ ಮೇಲೆ ಹೊರಿಸುವಂತಿಲ್ಲ.

"ಚೆನ್ನಾಗಿ ಬರೆದಿದ್ದೀರಿ ಬಾಯಿ. ಅಡುಗೆಮನೆ ಪ್ರಸಂಗ ಓದುವಾಗ ನನಗೇ ಹಸಿವಾಯ್ತು. ಆದರೆ ಕೊನೆಯಲ್ಲಿ ಇವಳನ್ನ ಸಾಯಿಸಿ."

"ಯಾಕೆ ಸಾಯಬೇಕು? ಆರೋಗ್ಯವಾಗಿದ್ದಾಳಲ್ಲ."

"ಕ್ಷಯ ಬರಲಿ. ಬೇಡ ಅಂದ್ರೆ ವಾಪಸ್ ಬಂದು ಗಂಡನ ಕಾಲಿಗೆ ಬೀಳಲಿ. ಜನಕ್ಕೆ ಕಣ್ಣೀರು ಬೇಕು. ಬಿಟ್ಟು ಹೋದವಳು ಸುಖವಾಗಿದ್ದಾಳೆ ಅಂದ್ರೆ ನಾಳೆ ನಮ್ಮ ಅಂಗಡಿಗೆ ಕಲ್ಲು ಬೀಳತ್ತೆ."

ಪಿಯೆದಾದ್ ಮನೆಗೆ ಬಂದು ಯೋಚಿಸಿದಳು. ಭಾಷೆ ತಿದ್ದಿದಳು. ಉದ್ದವಾಯಿತೆಂದದ್ದಕ್ಕೆ ಒಂದು ಮದುವೆಯನ್ನೂ ಎರಡು ಜಗಳಗಳನ್ನೂ ಕತ್ತರಿಸಿದಳು. ಮತ್ತೆ ಹೋದಳು. ಮತ್ತೆ ಅದೇ ಮಾತು. ಬೇರೆ ಪ್ರಕಾಶಕರೊಬ್ಬರು ಹೆಂಗಸು ಬರೆದದ್ದೆಂದು ಕಟ್ಟನ್ನು ಬಿಚ್ಚಲೇ ಇಲ್ಲ. ಒಂದು ವಾರಪತ್ರಿಕೆಯವರು ಧಾರಾವಾಹಿ ಮಾಡುತ್ತೇವೆಂದು ಇಟ್ಟುಕೊಂಡು ಗೆದ್ದಲು ಹಿಡಿಸಿ ಕೊಟ್ಟರು. ಅವಳು ಆ ಪುಟಗಳನ್ನು ಬಾಯಿಪಾಠದಿಂದ ಮತ್ತೆ ಬರೆದಳು. ಮೂರನೆಯ ಸಲ ಎವಾರಿಸ್ತನ ಮುಂದೆ ಕುಳಿತಾಗ ಲ್ಯೂಜಾ ಜೊತೆಗಿದ್ದಳು. ಆಗ ಅವಳಿಗೆ ಮದುವೆಯ ವಯಸ್ಸು.

"ಹಟ ಯಾಕೆ ಬಾಯಿ?" ಎವಾರಿಸ್ತ್ ಬೇಸರದಿಂದಲೇ ಕೇಳಿದ. "ಒಂದು ಪುಟ ಬದಲಾಯಿಸಿದರೆ ಪುಸ್ತಕ ಆಗತ್ತೆ. ಜೀವನದಲ್ಲಿ ಎಲ್ಲಾದರೂ ಹೀಗೆ ನಡೆಯತ್ತಾ?"

"ಜೀವನದಲ್ಲಿ ನಡೆಯೋದು ನನಗೆ ಗೊತ್ತು ಸಾಯ್ಬರೆ. ನನ್ನ ಅಕ್ಕ ಇನಾಸಿನ್ ಗಂಡನ ಮನೆ ಬಿಟ್ಟು ಬಂದಿದ್ಲು. ಮನೆಯವರೂ ಊರವರೂ ಸೇರಿ ಬುದ್ಧಿ ಹೇಳಿದ್ವಿ. ವಾಪಸ್ ಹೋದ್ಲು. ಮಳೆಗಾಲ ಮುಗಿಯೋ ಮುಂಚೆ ಹೂಳಿದ್ವಿ." ಪಿಯೆದಾದ್ ಹಸ್ತಪ್ರತಿಯನ್ನು ಬುಟ್ಟಿಗೆ ಹಾಕಿಕೊಂಡಳು. "ಇನ್ನೊಬ್ಬಳನ್ನ ನನ್ನ ಕೈಯಾರೆ ಹೂಳಲ್ಲ."

ಮೆಟ್ಟಿಲಿಳಿದು ಬೀದಿಗೆ ಬಂದಮೇಲೆ ಲ್ಯೂಜಾ ಅಮ್ಮನ ಮುಖ ನೋಡಿದಳು. ಅಳುತ್ತಾಳೆಂದುಕೊಂಡಳು. ಪಿಯೆದಾದ್ ಕೆರಳಿದ ದನಿಯಲ್ಲಿ, "ಮದುವೆ ಕರೆಯೋಲೆ ಯಾರು ಪ್ರಿಂಟ್ ಮಾಡ್ತಾರೋ ಅವರಿಗೆ ಕಾದಂಬರಿ ಪ್ರಿಂಟ್ ಮಾಡಕ್ಕೆ ಬರಲ್ವಾ? ಅಕ್ಷರ ಅದೇ ತಾನೆ?" ಎಂದಳು.

*

ಮಡಗಾಂವಿನ ಕರೆಯೋಲೆ ಪ್ರೆಸ್ಸಿನವನು ಅಚ್ಚು ಹಾಕಿದ. ಕಾಗದಕ್ಕೆಂದು ಪಿಯೆದಾದ್ ಕ್ರಿಸ್ಮಸ್ಸಿಗೆ ಸಾಕಿದ್ದ ಹಂದಿಗಳನ್ನು ಮಾರಿದಳು. ಮುಖಪುಟಕ್ಕೆ ಬೇರೆ ಚಿತ್ರ ಸಿಗದೆ ಪ್ರೆಸ್ಸಿನವನು ತನ್ನಲ್ಲಿದ್ದ ಮದುವಣಗಿತ್ತಿಯ ಅಚ್ಚನ್ನೇ ಒತ್ತಿದ. "ಇರಲಿ ಬಿಡು," ಎಂದಳು ಪಿಯೆದಾದ್. "ಮದುವೆಯಿಂದಾನೇ ಅಲ್ವಾ ಶುರುವಾದದ್ದು."

ಪುಸ್ತಕದಂಗಡಿಗಳು ಇಟ್ಟುಕೊಳ್ಳಲಿಲ್ಲ. ಅವಳು ಮಾರುಕಟ್ಟೆಯ ತನ್ನ ಜಾಗದಲ್ಲಿ ಚೊರೀಸಿನ ಮಾಲೆಗಳ ಪಕ್ಕ ಪುಸ್ತಕ ಹರಡಿಕೊಂಡು ಕೂತಳು. ಮೊದಮೊದಲು ಜನ ನಗುತ್ತಿದ್ದರು.

"ಬಾಯಿ, ಇದನ್ನ ಹುರಿದು ತಿನ್ನೋದೋ ಬೇಯಿಸಿ ತಿನ್ನೋದೋ?"

"ನಿನ್ನ ಹೆಂಡ್ತಿಗೆ ಕೊಡು. ಆಮೇಲೆ ನಿನ್ನನ್ನ ಹುರೀಬೇಕೋ ಬೇಯಿಸಬೇಕೋ ಅವಳೇ ಹೇಳ್ತಾಳೆ."

ಹಡಗಿಗೆ ಹೋದವರ ಹೆಂಡಿರು ಒಯ್ದರು. ಮೀನಿನ ಸಾಲಿನ ಕಾತ್ರೀನ್ ಒಯ್ದಳು. ಓದಿದವರು ಓದಲು ಬಾರದವರಿಗೆ ಓದಿ ಹೇಳಿದರು. ಪುಟಪುಟವೂ ವಿನೆಗರ್ ನಾರುತ್ತಿತ್ತು. ಕೆಲವರು ಆ ವಾಸನೆಯಿಲ್ಲದ ಪ್ರತಿ ಬೇಡವೆಂದರು. ಪಿಯೆದಾದಳ ಗಂಡ ಮಾತ್ರ ಪಾಪ, ಹೋದಲ್ಲೆಲ್ಲ "ನಾನು ಅವಳ ಮೇಲೆ ಕೈ ಮಾಡಿಲ್ಲ ಮಾರಾಯ್ರೆ, ಅದು ನಾನಲ್ಲ" ಎಂದು ಹೇಳಿಕೊಂಡು ತಿರುಗಬೇಕಾಯಿತು. ಆದರೂ ಬಸ್ಸಿನ ಮೇಲಿಂದ ಕಟ್ಟು ಇಳಿಸಲು ತಪ್ಪದೆ ಬರುತ್ತಿದ್ದ.

ನಾದಿನಿ ಕ್ಲೆಮೆಂತಿನಾ ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. "ನಮ್ಮ ಮನೆತನದ ಹೆಸರು ಹಂದಿಮಾಂಸದ ಜೊತೆ ಬಿಕರಿಗಿಟ್ಟಿದ್ದಾಳೆ," ಎನ್ನುತ್ತಿದ್ದಳು.

*

ಇಗರ್ಜಿಯ ಬಾಗಿಲಲ್ಲಿ ಬ್ಯಾಂಡಿನವರು ನಿಧಾನದ ರಾಗ ಮುಗಿಸುತ್ತಿದ್ದರು. ಕಾರಿನಿಂದಿಳಿದ ಎವಾರಿಸ್ತನ ತಲೆ ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ದೊಡ್ಡ ಹೂಚಕ್ರ, ಅದರ ರಿಬ್ಬನ್ನಿನ ಮೇಲೆ ಪ್ರಕಾಶನದ ಹೆಸರು.

"ಲ್ಯೂಜಾ ಬಾಯಿ, ನಾನೂ ಎರಡು ಮಾತಾಡಬೇಕು. ಸಾಹಿತಿಗಳ ಪರವಾಗಿ. ಎಷ್ಟಂದರೂ ಅವರ ಮೊದಲ ಓದುಗ ನಾನೇ ಅಲ್ವಾ?"

"ನಿಜ. ಮೊದಲು ಓದಿದವರೂ ನೀವೇ, ಮೂರು ಸಲ ವಾಪಸ್ ಕೊಟ್ಟವರೂ ನೀವೇ."

ಅವನು ನೊಂದುಕೊಂಡಂತೆ ಕಂಡಿತು. "ಕಾಲ ಹಾಗಿತ್ತು ಮಗಾ. ಈಗ ಒಳ್ಳೇ ಕಾಗದದಲ್ಲಿ, ಗಟ್ಟಿ ರಟ್ಟು ಹಾಕಿ ನಾವೇ ತರ್ತೀವಿ. ಮುನ್ನುಡಿ ನಾನೇ ಬರೀತೀನಿ. ನೀನು ಹೂಂ ಅಂದ್ರೆ ಇವತ್ತೇ ಎಲ್ಲರ ಮುಂದೆ ಹೇಳಿಬಿಡ್ತೀನಿ."

ಲ್ಯೂಜಾಳಿಗೆ ಒಂದು ಕ್ಷಣ ಆಸೆಯಾಯಿತು. ಅಂಗಡಿಯ ಗಾಜಿನ ಹಿಂದೆ ಅಮ್ಮನ ಹೆಸರು. ಬಸ್ಸಿಗೆ ಕಟ್ಟು ಹೊರುವುದು ತಪ್ಪುತ್ತದೆ. ಅವಳಿಗೂ ಈಗ ಬೆನ್ನು ನೋವು.

"ಕೊನೇ ಅಧ್ಯಾಯ?" ಎಂದು ಕೇಳಿದಳು.

ಎವಾರಿಸ್ತ್ ಕನ್ನಡಕ ಒರೆಸಿಕೊಂಡ. "ಇರತ್ತೆ, ಇರತ್ತೆ. ಒಂದೆರಡು ಸಾಲು ಸ್ವಲ್ಪ ಮೆತ್ತಗೆ ಮಾಡೋಣ. ಶಾಲೆ ಕಾಲೇಜಿಗೆ ಹೋಗಬೇಕಲ್ಲ."

"ಹೂವು ಅಲ್ಲಿಡಿ ಸಾಯ್ಬರೆ. ಮುಂದೆ ಜಾಗ ಇದೆ, ಕೂತ್ಕೊಳ್ಳಿ."

ಪೂಜೆ ಮುಗಿಯಿತು. ಲ್ಯೂಜಾ ಮೈಕಿನ ಮುಂದೆ ನಿಂತಳು. ಮೊದಲ ಸಾಲಿನಲ್ಲಿ ಕ್ಲೆಮೆಂತಿನಾ ಬೀಸಣಿಗೆಯನ್ನು ತುಟಿಗೆ ಅಡ್ಡ ಹಿಡಿದು, ಸಾಕು ಸಾಕು ಎನ್ನುವಂತೆ ಆಗಲೇ ಕಣ್ಸನ್ನೆ ಮಾಡುತ್ತಿದ್ದಳು.

"ನಮ್ಮಮ್ಮ ಒಳ್ಳೇ ತಾಯಿ. ಚೊರೀಸ್ ಮಾರ್ತಿದ್ಲು. ಇಷ್ಟು ಹೇಳಿ ಇಳಿ ಅಂದಿದ್ದಾರೆ," ಎಂದಳು ಲ್ಯೂಜಾ. "ಆದರೆ ಅವಳು ಕಾದಂಬರಿಗಾರ್ತಿ. ಯಾರೂ ಅಚ್ಚು ಹಾಕಲ್ಲ ಅಂದಾಗ ತಾನೇ ಹಾಕಿದ್ಲು. ಯಾರೂ ಮಾರಲ್ಲ ಅಂದಾಗ ತಾನೇ ಮಾರಿದ್ಲು. ಒಂದು ಸಾಲು ಬದಲಾಯಿಸಿ ಅಂತ ಎಲ್ಲರೂ ಹೇಳಿದ್ರು, ಅದೊಂದನ್ನ ಮಾತ್ರ ಮಾಡಲಿಲ್ಲ. ಆ ಸಾಲು ಇಲ್ಲೇ, ಅವಳು ದೀಕ್ಷಾಸ್ನಾನ ತಗೊಂಡ ಇಗರ್ಜಿಯಲ್ಲೇ ಹೇಳ್ತೀನಿ."

ಪಾದ್ರಿ ಬೆರ್ನಾರ್ಡ್ ಎದ್ದರು. ಮತ್ತೆ, ಯಾಕೋ, ಕೂತರು.

"ಮರ್ಸೆಲಿನಾಗೆ ಎಪ್ಪತ್ತು ತುಂಬಿತು. ಹಲ್ಲು ಬಿದ್ದಿದ್ದವು, ಮೊಮ್ಮಕ್ಕಳು ಬೆಳೆದಿದ್ದರು..."

ಲ್ಯೂಜಾ ಪೆಟ್ಟಿಗೆಯ ಕಡೆ ತಿರುಗಿದಳು. ಉಳಿದ ಮಾತು ಹಿಂದಿನ ಬೆಂಚುಗಳಿಂದ ಬಂತು. ಮೀನಿನವರು, ತರಕಾರಿಯವರು, ಹಡಗಿನವರ ಹೆಂಡಿರು, ಪ್ರಾರ್ಥನೆಗೆ ಮಾರುತ್ತರ ಕೊಡುವ ಹಾಗೆ ಒಂದೇ ದನಿಯಲ್ಲಿ:

"ಹೊರಟು ಬಂದದ್ದಕ್ಕೆ ಅವಳು ಒಂದು ದಿನವೂ ಅಳಲಿಲ್ಲ."

ಎವಾರಿಸ್ತ್ ತಿರುಗಿ ತಿರುಗಿ ಹಿಂದೆ ನೋಡುತ್ತಿದ್ದ, ಅಷ್ಟು ಜನ ಎಲ್ಲಿದ್ದರು ಎನ್ನುವ ಹಾಗೆ.

*

ಸ್ಮಶಾನ ಇಗರ್ಜಿಯ ಹಿಂದೆಯೇ. ಪೆಟ್ಟಿಗೆ ಇಳಿಯಿತು. ಮಣ್ಣು ಹಾಕಲು ಜನ ಸಾಲುಗಟ್ಟಿದರು. ಲ್ಯೂಜಾ ಮೊದಲ ಹಿಡಿ ಹಾಕಿ ಪಕ್ಕಕ್ಕೆ ಸರಿದು ನಿಂತಳು. ಕ್ಲೆಮೆಂತಿನಾ ಅವಳ ಕಡೆ ನೋಡದೆ ಬಿಗಿದ ಮುಖದಲ್ಲಿ ಮುಂದೆ ಬಂದಳು. ಅವಳ ಹಿಂದೆ ಕಾತ್ರೀನ್, ಕೈಯಲ್ಲಿ ಮಣ್ಣು, ಕೆನ್ನೆಯ ಮೇಲೆ ನೀರು.

"ಎಂಥಾ ಹೆಂಗಸು," ಎಂದು ಕಾತ್ರೀನ್ ಪಕ್ಕದವಳಿಗೆ ಹೇಳುತ್ತಿದ್ದಳು. "ಒಂದೇ ಒಂದು ಮಾತು ಮಾತ್ರ ನನಗೆ ಇಷ್ಟ ಆಗಲಿಲ್ಲ ಕಣೇ. ಮಾರ್ಕೆಟ್ಟಲ್ಲಿ ಅವಳಿಗೇ ಹೇಳಿದ್ದೆ. ಮರ್ಸೆಲಿನಾ ಮಗೂನ ಕರ್ಕೊಂಡು ಹೋಗಿದ್ದು ಸರಿ. ಅತ್ತೆ ಚಿನ್ನದ ಸರ ತಗೊಂಡು ಹೋಗಬಾರದಿತ್ತು."

ಗುಂಡಿಯ ಮೇಲೆ ಚಾಚಿದ್ದ ಕ್ಲೆಮೆಂತಿನಾಳ ಕೈ ಹಾಗೇ ನಿಂತಿತು. ಗರಕ್ಕನೆ ತಿರುಗಿದಳು.

"ಅತ್ತೆಯದಲ್ಲ ಕಣೇ ಆ ಸರ! ಅವಳ ತಾಯಿಮನೆಯದು! ಮದುವೆ ರಾತ್ರೀನೇ ಅತ್ತೆ ಕಿತ್ಕೊಂಡಿದ್ಲು. ಸರಿಯಾಗಿ ಓದದೆ ಬಾಯಿಗೆ ಬಂದದ್ದು ಆಡಬೇಡ!"

"ನಾನು ಎರಡು ಸಲ ಓದಿದ್ದೀನಿ!"

"ನಾನು..." ಕ್ಲೆಮೆಂತಿನಾ ಲ್ಯೂಜಾಳ ಮುಖ ನೋಡಿದಳು, ತಡೆದಳು, ಮತ್ತೆ ತಡೆಯಲಾಗದೆ ಹೇಳಿಯೇಬಿಟ್ಟಳು. "ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕ ಇಟ್ಟಿಲ್ಲ. ಅತ್ತೆ ಒಡವೆ ಪೆಟ್ಟಿಗೆ ಒಡೆದು ಸರ ತೆಗೆಯೋವಾಗ ಅವಳ ಉಗುರು ಕಿತ್ತು ಬರತ್ತಲ್ಲ, ಅದು ಕದಿಯೋಳ ಕೈಯಾ?"

ಸಾಲು ಚದುರಿ ಗುಂಪಾಯಿತು. ಕದ್ದಳು ಎಂದವರು ಕೆಲವರು, ಅವಳದೇ ಅವಳು ತಗೊಂಡಳು ಎಂದವರು ಕೆಲವರು. ಯಾರೂ ಕೈಯಲ್ಲಿದ್ದ ಮಣ್ಣನ್ನು ಹಾಕಲಿಲ್ಲ. ಪಾದ್ರಿ ಬೆರ್ನಾರ್ಡ್ ಪ್ರಾರ್ಥನೆಯ ಪುಸ್ತಕ ಮುಚ್ಚಿ ಎರಡು ಹೆಜ್ಜೆ ಹತ್ತಿರ ಬಂದರು.

ಗುಂಡಿ ಮುಚ್ಚಲು ಕಾಯುತ್ತಿದ್ದ ಮುದುಕ ಸಲಿಕೆಯನ್ನು ಮಣ್ಣಿನ ಗುಡ್ಡೆಗೆ ಚುಚ್ಚಿ ಅದಕ್ಕೆ ಗಲ್ಲ ಊರಿದ.

"ಮುಂಬೈಗೆ ಹೋದಮೇಲೆ ಆ ಸರ ಮಾರಿದ್ಲಾ ತಾಯಿ?"

"ಅಲ್ಲೇ ಇರೋದು ನೋಡು ಕತೆ," ಎಂದಳು ಕ್ಲೆಮೆಂತಿನಾ. ಅವಳು ಬಿಗಿ ಹಿಡಿದಿದ್ದ ಮುಷ್ಟಿಯ ಬೆರಳ ಸಂದಿನಿಂದ ಕೆಮ್ಮಣ್ಣು ಸಣ್ಣಗೆ ಅವಳ ಕಪ್ಪು ಉಡುಪಿನ ಮೇಲೆ ಉದುರುತ್ತಲೇ ಇತ್ತು. ಮುದುಕ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ.