ಬಾಲವಿಲ್ಲದ ಅಕ್ಷರ

ಬ, ದ, ಯ, ಪು, ರ — ಬದಯಪುರ, ಇಷ್ಟು ವರ್ಷ ದುದ್ದದಿಂದ ಹಾಸನಕ್ಕೆ ಓಡಾಡಿದ್ದೇನೆ, ಇಂಥದೊಂದು ಊರು ಕೇಳಿಲ್ಲ, ಹಾಸನದ ನಿಲ್ದಾಣದಲ್ಲಿ ನಿಂತ ಈ ಬಸ್ಸಿನ ಹಣೆಯ ಮೇಲೆ ಮಾತ್ರ ಬರೆದಿದೆ, ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಉದಯಪುರ ಉದಯಪುರ ಎಂದು ಕೂಗುತ್ತಿದ್ದಾನೆ, ಓ, ಅದು ಉ, ನಗು ಬಂತು, ರಾತ್ರಿ ಶಾಲೆಯ ಚನ್ನಬಸವಯ್ಯ ಮೇಷ್ಟ್ರು ಕೇಳಿಸಿಕೊಂಡಿದ್ದರೆ ಇವತ್ತೂ ಬೈಯುತ್ತಿದ್ದರು, ದೊಡ್ಡತಾಯಮ್ಮ, ಉಗೆ ಬಾಲ ಐತೆ ಕಣವ್ವ, ಬಾಲ ನೋಡ್ದೆ ಓದುದ್ರೆ ಬ ಅಂದ್ಬುಡ್ತೀಯ, ಐವತ್ತೆಂಟಕ್ಕೆ ಸ್ಲೇಟು ಹಿಡಿದವಳಿಗೆ ಬಾಲ ಎಲ್ಲಿ ಕಾಣಬೇಕು, ಇರಲಿ, ಆಸ್ಪತ್ರೆಗೆ ನಡೆಯಬೇಕು, ಸೊಸೆಯ ಮಾತ್ರೆ ಮುಗಿದಿವೆ, ಗಂಗಾಂಬಿಕೆಗೆ ಈಗ ಐದು ತಿಂಗಳು, ಊಟ ಬೇಡ, ಮಾತು ಬೇಡ, ಗೋಡೆಗೆ ಮುಖ ಮಾಡಿ ಮಲಗಿದರೆ ಮಲಗಿದಳು, ಬಸುರಿಯ ಮನಸ್ಸಿಗೂ ಕಾಯಿಲೆ ಬರುತ್ತದಂತೆ, ಮಾತ್ರೆಯ ಜೊತೆ ಇದನ್ನೂ ಮಾಡಲಿ ಎಂದು ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು, ಅವರು ಬಾಯಲ್ಲಿ ಹೇಳುವಾಗ ನಾನು ಔಷಧಿಯ ಸಾಲಿನಲ್ಲಿದ್ದೆ, ಅವಳ ಕಿವಿಯಂತೂ ಅಲ್ಲಿರಲಿಲ್ಲ, ಓದು ಬಲ್ಲವಳೇ, ಆದರೂ ನೀವೇ ಓದಿ ಅತ್ತೆ ಎಂದಳು, ನನಗೆ ಹಿಗ್ಗು, ಎಂಟು ದಿನ, ಬೆಳಿಗ್ಗೆ ಸಂಜೆ, ಅವಳನ್ನು ಕಂಬಕ್ಕೆ ಒರಗಿಸಿ ಕಣ್ಣು ಮುಚ್ಚಿಸಿ ಅಕ್ಷರ ಅಕ್ಷರ ಕೂಡಿಸಿ ಓದಿದೆ, ಬಸಿರು ಗಮನಿಸಿ, ಬರುವುದು ಬರಲಿ, ಹೋಗುವುದು ಹೋಗಲಿ, ಹಿಡಿದಿಡಬೇಡಿ —

ಬಸಿರು. ಸೆರಗಿನ ಗಂಟು ಬಿಚ್ಚುತ್ತೇನೆ, ಬಿಚ್ಚುತ್ತಿಲ್ಲ, ಹಲ್ಲಿನಲ್ಲಿ ಕಚ್ಚಿ ಎಳೆದೆ, ಚೀಟಿಯನ್ನು ಬಿಸಿಲಿಗೆ ಹಿಡಿದೆ, ಮೊದಲ ಅಕ್ಷರಕ್ಕೆ ನೀಲಿ ಮಸಿಯಲ್ಲಿ ಸಣ್ಣದೊಂದು ಬಾಲ, ಉಸಿರು, ಶಿವನೇ, ಉಸಿರು ಗಮನಿಸಿ, ಹೋಗುವುದು ಹೋಗಲಿ ಎಂದದ್ದು ಉಸಿರಿಗೆ, ಅಕ್ಷರ ಕೂಡಿಸುವ ಜಂಬದಲ್ಲಿ ಅರ್ಥದ ಕಡೆಗೆ ತಿರುಗಿಯೂ ನೋಡಲಿಲ್ಲವಲ್ಲ, ಮೂರನೇ ದಿನ ಅವಳು ಕಣ್ಣು ಬಿಟ್ಟು ಕೇಳಿದ್ದಳು, ಅತ್ತೆ, ದಿಟವಾಗ್ಲೂ ಅಂಗೇ ಬರ್ದವ್ರಾ, ಇನ್ನೆಂಗೆ ಬರ್ದಾರು, ನನ್ನ ಓದಿಗೇ ಪರೀಕ್ಷೆ ಮಾಡ್ತೀಯೇನೇ ಎಂದು ಗದರಿದೆ, ಅವಳು ಮತ್ತೆ ಕಣ್ಣು ಮುಚ್ಚಿದಳು, ಕೆನ್ನೆಯ ಮೇಲೆ ನೀರು, ಮದ್ದು ಹತ್ತುತ್ತಿದೆ ಅಂದುಕೊಂಡೆ — ಇವತ್ತು ಬೆಳಿಗ್ಗೆ ತಾನಾಗಿ ಎದ್ದು ತಲೆ ಬಾಚಿದಳು, ಹಿತ್ತಲ ಪರಂಗಿ ಮರದ ಕೆಳಗೆ ನಿಂತು ಹಸಿರು ಕಾಯಿಗಳನ್ನೇ ನೋಡುತ್ತಿದ್ದಳು, ಹಸಿ ಪರಂಗಿ ತಿಂದರೆ ಬಸಿರು ನಿಲ್ಲುವುದಿಲ್ಲ ಎಂದು ಬಸುರಿಯರಿಗೆ ಹೇಳಿದವಳೇ ನಾನು, ಆದರೂ ಬಯಕೆಯಿರಬೇಕು, ಹಣ್ಣಾಗಲಿ ಬಿಡು ಎಂದೆ, ನೀವು ಓಗ್ಬನ್ನಿ ಅತ್ತೆ, ನಾನಿನ್ನು ಇಡ್ಕಳಲ್ಲ, ಬುಟ್ಬುಡ್ತೀನಿ ಎಂದಳು, ನಕ್ಕಳು, ತಿಂಗಳಾದ ಮೇಲೆ ನಕ್ಕಳೆಂದು ದಾರಿಯುದ್ದಕ್ಕೂ ಸಂತೋಷಪಟ್ಟುಕೊಂಡು ಬಂದೆ, ಮಗ ರುದ್ರೇಶ ಡೈರಿಗೆ ಹೋಗಿದ್ದಾನೆ, ಮನೆಯಲ್ಲಿ ಅವಳೊಬ್ಬಳೇ, ಬೀದಿಗೆಲ್ಲ ಇರುವುದು ಚಲುವಯ್ಯನ ಮನೆಯದೊಂದೇ ಫೋನು, ಅದರ ನಂಬರು ನನಗೆ ಗೊತ್ತಿಲ್ಲ, ದುದ್ದದ ಬಸ್ಸು ಹತ್ತಿ ಕೂತಿದ್ದೇನೆ, ಡ್ರೈವರು ಟೀ ಕುಡಿಯುತ್ತಿದ್ದಾನೆ, ಬೇಗ ಬುಡಪ್ಪಾ, ಬತ್ತೀನಿ ಕೂತ್ಕಳಜ್ಜಿ, ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ, ಅವಳ ಕೈಯಲ್ಲಿ ಏನಿತ್ತು ಬೆಳಿಗ್ಗೆ, ಬೆನ್ನ ಹಿಂದೆ, ಗೋಡೆಗೆ ಒರಗಿಸಿಟ್ಟಿದ್ದ ದೋಟಿ, ಕಾಯಿ ಕೀಳುವ ಉದ್ದನೆಯ ಗಳ, ಅದರ ತುದಿಗೆ ನಾನೇ ಕಟ್ಟಿದ ಕೊಕ್ಕೆ, ಸಣ್ಣಗೆ, ಬಾಗಿದ, ಉ ಅಕ್ಷರದ ಬಾಲದ ಹಾಗೆ, ಬಾಲ, ಬಾಲ ಐತೆ ಕಣವ್ವ, ಆ ಕೊಕ್ಕೆ —