ಧೂಮಕೇತು ಯಾವ ಕಡೆಯಿಂದ ಬಂತು

"ಬಾಲ ಇತ್ತ, ಸದ್ದು ಅತ್ತ," ಎಂದರು ನಿರ್ದೇಶಕರು ಕತ್ತಲಲ್ಲೇ. "ಧೂಮಕೇತು ಬಲಕ್ಕೆ ಹೋಗ್ತಿದೆ, ನಿಮ್ಮ ಸಂಗೀತ ಎಡಕ್ಕೆ ಓಡ್ತಿದೆ. ಏನಮ್ಮಾ ಇದು?"

ತಾರಾಲಯದ ಗುಮ್ಮಟದೊಳಗೆ ದೀಪ ಹತ್ತಿತು. ಸಂಗೀತಗಾರ್ತಿ ತಲೆ ತಗ್ಗಿಸಿದಳು. ಗೋಡೆಯ ಸುತ್ತಲಿನ ಸ್ಪೀಕರುಗಳಲ್ಲಿ ಸದ್ದು ಒಂದರಿಂದೊಂದಕ್ಕೆ ಜಾರುತ್ತ ಹೋಗಬೇಕು. ಅವಳು ಎಡಬಲ ಅದಲುಬದಲು ಮಾಡಿಬಿಟ್ಟಿದ್ದಳು. ಬೇರೆ ಯಾರಾದರೂ ಆಗಿದ್ದರೆ ಕೂತಲ್ಲೇ ಗೊತ್ತಾಗುತ್ತಿತ್ತು. ಇವಳ ಎಡಗಿವಿಯನ್ನು ಕಳೆದ ವರ್ಷದ ಹಾಳು ಜ್ವರ ಪೂರ್ತಿ ನುಂಗಿಹಾಕಿತ್ತು. ಒಂದೇ ಕಿವಿಗೂ ಸ್ವರ ಕೇಳುತ್ತದೆ, ತಾಳ ಕೇಳುತ್ತದೆ. ಅದು ಯಾವ ಕಡೆಯಿಂದ ಬಂತೆಂಬುದು ಮಾತ್ರ ತಿಳಿಯುವುದಿಲ್ಲ. ಇದು ಗಂಡನೊಬ್ಬನಿಗೇ ಗೊತ್ತಿದ್ದ ಗುಟ್ಟು. ಕಿವಿ ಹೋದವಳಿಗೆ ಸಂಗೀತದ ಕೆಲಸ ಯಾರು ಕೊಡುತ್ತಾರೆ?

"ನಾಳೆ ಬೆಳಿಗ್ಗೆ ಕೊನೇ ಸಲ ನೋಡ್ತೀನಿ. ಸರಿಹೋಗದಿದ್ರೆ ಹಳೇ ಸಂಗೀತಾನೇ ಹಾಕ್ಬಿಡೋಣ. ಬೇಜಾರು ಮಾಡ್ಕೋಬೇಡಿ," ಎಂದು ನಿರ್ದೇಶಕರು ಊಟಕ್ಕೆ ಹೊರಟರು.

ಬೇಜಾರಾಗದೆ ಇರುತ್ತದೆಯೇ? ಆ ಧೂಮಕೇತುವಿಗಾಗಿ ಅವಳು ಒದ್ದೆ ಬೆರಳಿನಿಂದ ಮನೆಯ ಗಾಜಿನ ಲೋಟಗಳ ಅಂಚನ್ನೆಲ್ಲ ಉಜ್ಜಿ ಉಜ್ಜಿ ಸ್ವರ ಹಿಡಿದಿದ್ದಳು. "ನೀರು ಕುಡಿಯೋಕೆ ಒಂದಾದ್ರೂ ಬಿಡೇ," ಎಂದು ಅತ್ತೆ ಗೊಣಗಿದ್ದರು. ಗಂಡ ಊರಲ್ಲಿರಲಿಲ್ಲ. ಬೇರೆ ದಾರಿ ಕಾಣದೆ ಅವಳು ಅತ್ತೆಗೇ ಫೋನ್ ಮಾಡಿದಳು.

ಅತ್ತೆ ಡ್ರಿಲ್ ಟೀಚರಾಗಿ ನಿವೃತ್ತರಾದವರು. ಹೇಳಿದಂತೆಯೇ ಟಾರ್ಚು ಹಿಡಿದು ಬಂದು ನಡುಮಧ್ಯದ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಕಣ್ಣು ಮುಚ್ಚಿ, ಸದ್ದು ಬಂದ ಕಡೆಗೆ ಟಾರ್ಚು ಬಿಡಿ ಅತ್ತೆ. ನೋಡೋಕೆ ಬರೋರಿಗೆ ಹೇಗೆ ಕೇಳುತ್ತೆ ಅಂತ ತಿಳೀಬೇಕು," ಎಂದು ಸೊಸೆ ಸುಳ್ಳು ಹೇಳಿದಳು.

ಲೋಟದ ನಾದ ಎದ್ದಿತು. ಅತ್ತೆಯ ತೋಳು ಕವಾಯತಿನಲ್ಲಿ ಚಾಚಿದಷ್ಟೇ ನೇರವಾಗಿ ಚಾಚಿಕೊಂಡಿತು. ಬೆಳಕಿನ ಚುಕ್ಕೆ ಬಿಳಿ ಗುಮ್ಮಟದ ಮೇಲೆ ಎಡಕ್ಕೆ ಓಡಿತು. ಅವಳು ತಿದ್ದಿದಳು. ಈಗ ಬಲಕ್ಕೆ ಹೊರಟಿತು, ಆದರೆ ಬಾಗಿಲ ಮೇಲೆ ತಡವರಿಸಿ ಒಮ್ಮೆಲೇ ಜಿಗಿಯಿತು. ಮತ್ತೆ ತಿದ್ದಿದಳು.

"ಇದು ನಿಜವಾಗ್ಲೂ ಧೂಮಕೇತು ಸದ್ದೇನೇ?"

"ಅಲ್ಲಿ ಗಾಳಿನೇ ಇಲ್ಲ ಅತ್ತೆ. ಸದ್ದು ಎಲ್ಲಿಂದ ಬರ್ಬೇಕು?"

"ಇಲ್ದೇ ಇರೋ ಸದ್ದು ಎಡಕ್ಕೆ ಹೋದ್ರೇನು, ಬಲಕ್ಕೆ ಹೋದ್ರೇನು?"

ಸೊಸೆಗೆ ನಗು ತಡೆಯಲಾಗಲಿಲ್ಲ. ಸಂಜೆಯ ಹೊತ್ತಿಗೆ ಚುಕ್ಕೆ ಎಲ್ಲೂ ಎಡವದೆ ಗುಮ್ಮಟವನ್ನು ದಾಟಿತು. ಅತ್ತೆ ಟಾರ್ಚು ಆರಿಸಿದರು.

"ಯಾವ ಕಿವಿ?" ಎಂದು ಕೇಳಿದರು.

ಅವಳು ತಟ್ಟನೆ ಅತ್ತೆಯ ಕಡೆ ತಿರುಗಿದಳು.

"ಊಟಕ್ಕೆ ನಿನ್ನ ಎಡಗಡೆ ಕೂತು ಏನು ಕೇಳಿದ್ರೂ ಉತ್ತರ ಇರ್ತಿರ್ಲಿಲ್ಲ. ನನ್ನ ಮೇಲೇನೋ ಸಿಟ್ಟು ಅಂದ್ಕೊಂಡು ನಾನೂ ಮುಖ ಗಂಟು ಹಾಕ್ಕೊಂಡೆ. ವರ್ಷ ಆಯ್ತಲ್ಲೇ."

"ಎಡಗಿವಿ ಅತ್ತೆ. ಹೇಳೋಕೆ ಭಯ ಆಯ್ತು," ಎಂದಳು ಸೊಸೆ.

"ಹೇಳಿದ್ರೆ ಆಚೆ ಕಡೆ ಕೂರ್ತಿದ್ದೆ. ಅಷ್ಟೇ ತಾನೇ," ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಅತ್ತೆ ಯಾರ ಅಪ್ಪಣೆಗೂ ಕಾಯದೆ ಬಂದು ಅವಳ ಬಲಗಡೆ ಕೂತರು. ನಿರ್ದೇಶಕರು ಮುಂದಿನ ಸಾಲಿನಲ್ಲಿದ್ದರು. ದೀಪ ಆರಿತು. ಧೂಮಕೇತು ಕಾಣಿಸಿಕೊಂಡಿತು, ನಾದವೂ ಎದ್ದಿತು. ಅವಳಿಗೆ ಅದು ಎಂದಿನಂತೆ ದಿಕ್ಕಿಲ್ಲದ ನಾದ. ನಿನ್ನೆ ಸರಿಹೋದದ್ದು ಇವತ್ತು ಕೈಕೊಟ್ಟಿದ್ದರೆ?

ಆಗ ಅತ್ತೆ ಅವಳ ಕೈ ಎಳೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. ತೋರುಬೆರಳನ್ನು ಅವಳ ಅಂಗೈಯ ಎಡ ಅಂಚಿಗೆ ಒತ್ತಿ, ಕಣ್ಣು ಮುಚ್ಚಿ, ನಿಧಾನವಾಗಿ ಬಲಕ್ಕೆ ಎಳೆಯತೊಡಗಿದರು. ಮೇಲೆ ಧೂಮಕೇತು ಬಾಗಿಲು ದಾಟಿತು. ಬೆರಳು ತಡವರಿಸಲಿಲ್ಲ.

ಮುಂದಿನ ಸಾಲಿನಲ್ಲಿ ನಿರ್ದೇಶಕರ ತಲೆಯೂ ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗುತ್ತಿತ್ತು. ಅಂಗೈಯ ಕೊನೆ ಮುಟ್ಟಿದ ಬೆರಳು, ಮುಂದಿನ ಸದ್ದಿಗಾಗಿ ಅಲ್ಲೇ ಕಾಯುತ್ತ ನಿಂತಿತು.