ಮಂಜಿನಲ್ಲಿ ಒಂದೇ ಕರೆ

ಪಶ್ಚಿಮ ಉಗಾಂಡದ ನಿರಾಶ್ರಿತರ ಶಿಬಿರಕ್ಕೆ ಹೊಸದಾಗಿ ಬಂದ ಅಧಿಕಾರಿ ಕಟುರಾಮು ಕೆಟ್ಟವನಲ್ಲ. ಆಶ್ರಯ ಕೇಳಿ ಬಂದವರು ವರ್ಷಗಟ್ಟಲೆ ಕೊಳೆಯುವುದನ್ನು ನೋಡಲಾರದೆ ಅವನು ಹೊಸ ಪದ್ಧತಿ ತಂದ. ವಿಚಾರಣೆಗೆ ಹೆಸರನ್ನು ಮೂರು ಸಲ ಕೂಗುವುದು ಬೇಡ, ಒಂದೇ ಸಲ ಸಾಕು. ಓಗೊಡದವರ ಅರ್ಜಿ ಅಲ್ಲಿಗೇ ಮುಗಿಯಿತು. ಅಂಥವರನ್ನು ಗಡಿಯಾಚೆ ಬಿಟ್ಟುಬರಲು ಸೋಮವಾರ ಲಾರಿ ಇದ್ದೇ ಇದೆ.

ಕೂಗುವ ಕೆಲಸ ದುಭಾಷಿ ಬಿಸಿಮ್ವಾನದು. ಅವನ ಹೆತ್ತವರು ಕಾಂಗೋದ ಬೆಟ್ಟದವರು. ಅವನು ಮಾತ್ರ ಶಿಬಿರದಲ್ಲೇ ಹುಟ್ಟಿದವನು. ಬೆಟ್ಟದ ಭಾಷೆ ಬರುತ್ತಿತ್ತು, ಬೆಟ್ಟದ ಭಯ ಗೊತ್ತಿರಲಿಲ್ಲ.

ಆ ಬೆಳಿಗ್ಗೆ ಮಂಜು ಕವಿದು ಕಿಟಕಿಯಾಚೆಯ ಅಂಗಳವೇ ಕಾಣುತ್ತಿರಲಿಲ್ಲ. ಬಿಸಿಮ್ವಾ ಮೈಕಿನಲ್ಲಿ ಮೊದಲ ಹೆಸರು ಕೂಗಿದ: ಚಿಬಲೋಂಜಾ. ಉತ್ತರವಿಲ್ಲ. ಒಂದು ಕೆಮ್ಮಿಲ್ಲ, ಚಪ್ಪಲಿಯ ಸದ್ದಿಲ್ಲ. ಕಟುರಾಮು ಕಂಪ್ಯೂಟರಿನಲ್ಲಿ ಅರ್ಜಿ ಮುಚ್ಚುವ ಗುಂಡಿ ಒತ್ತಿದ. ಮುಂದಿನ ಹೆಸರಿಗೂ ಅದೇ ಮೌನ, ಅದರ ಮುಂದಿನದಕ್ಕೂ ಅದೇ. ಬಿಸಿಮ್ವಾನಿಗೆ ಸುಡುಗಾಡಿನಲ್ಲಿ ನಿಂತು ಹಾಜರಿ ಕರೆದ ಹಾಗಿತ್ತು. ಕಟುರಾಮು ಮಾತ್ರ ಹಿಗ್ಗಿ, ಇವತ್ತಿನ ಕೆಲಸ ಎಷ್ಟು ಬೇಗ ಮುಗಿಯಿತು ನೋಡು ಎಂದು ಚಹಾ ತರಿಸಿದ.

ಬಿಸಿಲೇರಿ ಮಂಜು ಕರಗಿತು. ಅಂಗಳದ ತುಂಬ ಜನ ಕೂತಿದ್ದರು.

ಯಾರೂ ಅಲುಗಾಡುತ್ತಿರಲಿಲ್ಲ. ತಾಯಂದಿರು ಮಕ್ಕಳ ಬಾಯಿಗೆ ಕೈ ಒತ್ತಿ ಹಿಡಿದಿದ್ದರು. ಬಿಸಿಮ್ವಾ ಹೊರಗೋಡಿ, ಮುಂದೆ ಕೂತಿದ್ದ ಮುದುಕಿಯ ಹೆಸರು ಕೇಳಿದ. ಅವಳೇ ಚಿಬಲೋಂಜಾ.

"ಕರೆದಾಗ ಯಾಕವ್ವಾ ಓ ಅನ್ಲಿಲ್ಲ?"

ಅವಳು ಮೊಮ್ಮಗಳ ಬಾಯಿಂದ ಕೈ ತೆಗೆದಳು. "ಕಣ್ಣಿಗೆ ಕಾಣದೋರು ಮಂಜೊಳಗೆ ಕರೆದ್ರೆ ಓ ಅಂತಾರೇನೋ ಮಗಾ? ನನ್ ಗಂಡನ್ನ ಕಡಿದು ಹಾಕಿದ ಮೇಲೆ ಅವನೂ ಹಿಂಗೇ ಬಂದು ಕರೀತಿದ್ದ. ಸತ್ತೋರು ಒಂದೇ ಸಲ ಕರೀತಾರೆ, ಬದುಕಿರೋರು ಇನ್ನೊಂದು ಸಲ ಕರೀತಾರೆ. ಸರ್ಕಾರನೂ ಒಂದೇ ಸಲ ಕರೆದ್ರೆ ನಾವು ಹೆಂಗಪ್ಪಾ ಗುರುತು ಹಿಡಿಯೋದು?"

ಬಿಸಿಮ್ವಾ ಒಳಗೆ ಬಂದು ಅದನ್ನೆಲ್ಲ ಅಕ್ಷರಶಃ ಹೇಳಿದ. ಕಟುರಾಮು ಚಹಾದ ಲೋಟ ಕೆಳಗಿಟ್ಟು, ಮುಚ್ಚಿದ ಅರ್ಜಿಗಳನ್ನು ತೆರೆಯಲು ನೋಡಿದ. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ. ಒಮ್ಮೆ ಮುಚ್ಚಿದ್ದನ್ನು ತೆರೆಯುವ ಅಧಿಕಾರ ರಾಜಧಾನಿಗೆ ಮಾತ್ರ. ಅಲ್ಲಿಂದ ಉತ್ತರ ಬರಲು ತಿಂಗಳುಗಳೇ ಬೇಕು. ಲಾರಿಗೆ ಅಷ್ಟು ತಾಳ್ಮೆ ಇಲ್ಲ. ಬೇಗ ಮುಗಿಸಬೇಕೆಂಬ ಹಟಕ್ಕೆ ನ್ಯಾಯ ಕೇಳುವಷ್ಟು ಪುರುಸೊತ್ತೂ ಇರಲಿಲ್ಲ ಎಂದು ಬಿಸಿಮ್ವಾನಿಗೆ ಅನ್ನಿಸಿತು. ಅವನು ಮೈಕು ಎತ್ತಿಕೊಂಡು, ಕಟುರಾಮು ಬೈದರೆ ಬೈಯಲಿ ಎಂದು, ಎರಡನೇ ಸಲ ಕೂಗಿದ.

"ಚಿಬಲೋಂಜಾ."

"ಇದ್ದೀನಪ್ಪಾ," ಎಂದು ಮುದುಕಿ ಎದ್ದು ನಿಂತಳು, ಮೊಮ್ಮಗಳ ಕೈ ಹಿಡಿದು, ಬಾಗಿಲ ಕಡೆ ನಗುತ್ತಾ ಬಂದಳು.

ಅವಳು ಬಾಗಿಲು ಮುಟ್ಟುವ ಮುನ್ನ ಕಟುರಾಮು ಒಳಗಿನಿಂದ ಅಗುಳಿ ಹಾಕಿದ.